ಮೂವತ್ತೆಂಟು ಡಿಗ್ರಿಯ ಬಾಟಲಿ

ಸೋಡಾ ಬಾಟಲಿ ಕೈಗೆ ಬಂದರೆ ನಾನು ಮುಚ್ಚಳ ತೆಗೆಯುವ ಮೊದಲು ಅದನ್ನು ತಲೆಕೆಳಗು ಮಾಡಿ ತಳ ನೋಡುತ್ತೇನೆ. ಹೋದ ತಿಂಗಳು ಸ್ಟೇಶನ್ ಬಜಾರದ ಒಂದು ಅಂಗಡಿಯಲ್ಲಿ ಹಾಗೆ ನೋಡುತ್ತ ನಿಂತಿದ್ದಾಗ ಅಂಗಡಿಯವನು, "ತಾರೀಕು ಮ್ಯಾಲೆ ಬರದಾರ್ರಿ, ತಳದಾಗ ಏನ್ ನೋಡ್ತೀರಿ?" ಎಂದು ನಕ್ಕ. ನನಗೆ ನಗು ಬರಲಿಲ್ಲ. ತಳದ ಐದು ಕಾಲುಗಳ ನಡುವಿನ ತಗ್ಗಿಗೆ ಹೆಬ್ಬೆರಳು ಇಟ್ಟಿದ್ದೆ. ಆ ತಿರುವಿನ ಗುರುತು ಕೈಗೆ ಸಿಕ್ಕಿಬಿಟ್ಟಿತು. ಅದು ಖಾಜಾ ಚಾಚಾ ಅರದಿಂದ ತೀಡಿ ತೀಡಿ ಮಾಡಿದ ತಿರುವು. ಬಾಟಲಿಯನ್ನು ಅಲ್ಲೇ ಇಟ್ಟು ಬಂದೆ. ಮನೆ ಮುಟ್ಟುವವರೆಗೂ ಮೈ ಉರಿಯುತ್ತಿತ್ತು. ವರ್ಷಗಳು ಕಳೆದರೆ ಸಿಟ್ಟು ಆರುತ್ತದೆ ಎನ್ನುತ್ತಾರೆ. ಆ ಬೇಸಿಗೆಯ ಸಿಟ್ಟು ನನಗೆ ಇನ್ನೂ ಆರಿಲ್ಲ.

ಆಗ ನನಗೆ ಇಪ್ಪತ್ತಾರು. ಕಲಬುರಗಿಯಲ್ಲೇ ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ, ಕಮಲಾಪುರದ ಹತ್ತಿರ ಹೆದ್ದಾರಿಯ ಬದಿಗಿದ್ದ ಒಂದು ಸೋಡಾ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದೆ. ಬಾಟಲಿಯ ನಕ್ಷೆ ತೆಗೆಯುವುದು, ತಯಾರಾದ ಬಾಟಲಿಗಳನ್ನು ಪರೀಕ್ಷೆ ಮಾಡುವುದು ನನ್ನ ಕೆಲಸ. ಕಾರ್ಖಾನೆಯ ಮಾಲಕರು ನೆಹರು ಗಂಜ್ ಪೇಟೆಯಲ್ಲಿ ತೊಗರಿಬೇಳೆಯ ವ್ಯಾಪಾರದಿಂದ ಮೇಲೆ ಬಂದವರು. ಎಲ್ಲರೂ ಅವರನ್ನು ಸಾವ್ಕಾರ್ರು ಎನ್ನುತ್ತಿದ್ದರು. ದಿನಾ ಬೆಳಿಗ್ಗೆ ಕಲಬುರಗಿಯಿಂದ ಬಸ್ಸು ಹತ್ತಿ ಹೋಗುವುದು, ಸಂಜೆ ಕಮಲಾಪುರದ ಬಸ್ ನಿಲ್ದಾಣದಲ್ಲಿ ಬಸ್ಸಿಗೆ ಕಾಯುವುದು. ನಮ್ಮ ಮನೆತನದಲ್ಲಿ ಅರ್ಚಕರು, ಮಾಸ್ತರರು, ಗುಮಾಸ್ತರು ಆಗಿಹೋಗಿದ್ದರು. ಕಾರ್ಖಾನೆಗೆ ಹೋದವರು ಯಾರೂ ಇರಲಿಲ್ಲ. ಮಗಳು ಬಾಟಲಿ ಮಾಡುತ್ತಾಳೆ ಎಂದು ಹೇಳಲು ಅವ್ವನಿಗೆ ಮೊದಮೊದಲು ನಾಚಿಕೆ.

ಕೆಲಸ ನನಗೆ ಕಲಿಸಿದ್ದು ಕಾಲೇಜಲ್ಲ, ಖಾಜಾ ಚಾಚಾ. ಅಚ್ಚುಗಳ ಫಿಟ್ಟರ್. ಐವತ್ತೈದು ದಾಟಿದ್ದರು, ಗಿಡ್ಡ ಆಳು, ಎರಡೂ ಕೈಯ ಬೆರಳ ತುದಿಗಳು ಕಬ್ಬಿಣದ ಪುಡಿಯಿಂದ ಸದಾ ಬೂದುಬಣ್ಣ. ಬೆರಳಿನಷ್ಟು ಉದ್ದದ ದಪ್ಪ ಪ್ಲಾಸ್ಟಿಕ್ ನಳಿಕೆಯನ್ನು ಕಾಸಿ, ಅಚ್ಚಿನೊಳಗೆ ಇಟ್ಟು, ಜೋರಾಗಿ ಗಾಳಿ ಊದಿದರೆ ಅದು ಕಣ್ಣು ಮಿಟುಕಿಸುವಷ್ಟರಲ್ಲಿ ಉಬ್ಬಿ ಬಾಟಲಿ ಆಗುತ್ತದೆ. ಅಷ್ಟು ಸುಲಭವಾಗಿದ್ದರೆ ನನ್ನಂಥವರು ಬೇಕಾಗಿರಲಿಲ್ಲ. ಸೋಡಾ ತುಂಬಿದ ಬಾಟಲಿಯ ಒಳಗೆ ಕಾರಿನ ಟಾಯರಿಗಿಂತ ಹೆಚ್ಚಿನ ಒತ್ತಡ ಇರುತ್ತದೆ. ಬಿಸಿ ಏರಿದಂತೆ ಅದೂ ಏರುತ್ತದೆ. ಒಳಗಿನ ಅನಿಲ ಎಲ್ಲವನ್ನೂ ಪುಗ್ಗೆಯ ಹಾಗೆ ದುಂಡಗೆ ಮಾಡಲು ನೋಡುತ್ತದೆ. ತಳ ಚಪ್ಪಟೆ ಇದ್ದರೆ ಹೊರಗೆ ಉಬ್ಬುತ್ತದೆ, ಉಬ್ಬಿದರೆ ಬಾಟಲಿ ನಿಲ್ಲುವುದಿಲ್ಲ. ಅದಕ್ಕೇ ತಳಕ್ಕೆ ಐದು ಕಾಲು. ಕಾಲುಗಳ ಮೇಲೆ ಬಾಟಲಿ ನಿಲ್ಲುತ್ತದೆ, ಕಾಲುಗಳ ನಡುವಿನ ದುಂಡನೆಯ ಪಟ್ಟಿಗಳು ಒತ್ತಡವನ್ನು ತಡೆಯುತ್ತವೆ.

"ಗಾಳಿಗಿ ಮೂಲಿ ಅಂದ್ರ ದುಶ್ಮನ್, ಬೇಟಿ," ಎನ್ನುತ್ತಿದ್ದರು ಚಾಚಾ. "ಎಲ್ಲಿ ಚೂಪನ್ನ ಮೂಲಿ ಕಂಡ್ತು, ಅಲ್ಲೇ ಗುದ್ದತದ. ದುಂಡಗ ಮಾಡು. ದುಂಡಗಿದ್ದದ್ದಕ್ಕ ಅದು ಸಲಾಂ ಹೊಡೀತದ."

ಆ ವರ್ಷದ ಚಳಿಗಾಲದಲ್ಲಿ ಸಾವ್ಕಾರರು ಹೊರಗಿನಿಂದ ಒಬ್ಬ ಸಲಹೆಗಾರರನ್ನು ಕರೆಸಿದರು. ಇಪ್ಪತ್ತೆಂಟು ಗ್ರಾಂ ತೂಗುತ್ತಿದ್ದ ಅರ್ಧ ಲೀಟರಿನ ಬಾಟಲಿಯನ್ನು ಇಪ್ಪತ್ನಾಲ್ಕಕ್ಕೆ ಇಳಿಸುವುದು ಅವರ ಕೆಲಸ. ಬಂದರು, ಎರಡು ದಿನ ತಂಪು ಕೋಣೆಯಲ್ಲಿ ಕೂತರು, ಹೊಸ ನಕ್ಷೆ ಕೊಟ್ಟು ಹೋದರು. ಕಾಲುಗಳು ಗಿಡ್ಡ, ಅಂಚುಗಳು ಚೂಪು, ತಳದ ನಡುಭಾಗ ನೆಲಕ್ಕೆ ಇನ್ನೇನು ತಾಗುವಷ್ಟು ಕೆಳಗೆ. ಅಚ್ಚು ಬಂತು, ಬಾಟಲಿ ತಯಾರಾಯಿತು. ಪರೀಕ್ಷೆಯ ನಿಯಮವನ್ನೂ ಅವರೇ ಬರೆದು ಕೊಟ್ಟಿದ್ದರು. ಹನ್ನೆರಡು ಬಾಟಲಿ, ಮೂವತ್ತೆಂಟು ಡಿಗ್ರಿ ಶಾಖ, ಇಪ್ಪತ್ನಾಲ್ಕು ತಾಸು. ನಾನು ಹಾಗೇ ಮಾಡಿದೆ. ಹನ್ನೆರಡೂ ನೆಟ್ಟಗೆ ನಿಂತಿದ್ದವು. ಫೆಬ್ರುವರಿಯಲ್ಲಿ ವರದಿಗೆ ಸಹಿ ಹಾಕಿದೆ.

ನಾನು ಸಹಿ ಹಾಕುವುದನ್ನು ನೋಡುತ್ತ ನಿಂತಿದ್ದ ಚಾಚಾ ಕೇಳಿದರು, "ಮೂವತ್ತೆಂಟು ಯಾಕ, ಬೇಟಿ?"

"ನಿಯಮದಾಗ ಹಂಗ ಅದ, ಚಾಚಾ."

"ನಿಯಮ ಬರದವ್ರು ನಮ್ಮೂರಾಗ ಒಂದು ಮೇ ತಿಂಗಳ ಕಳದಾರೇನು?"

ನಾನು ನಕ್ಕುಬಿಟ್ಟೆ.

ಏಪ್ರಿಲ್ ಎರಡನೇ ವಾರಕ್ಕೆ ಬಿಸಿಲು ಏರಿತು. ನಮ್ಮ ಕಡೆಯ ಬಿಸಿಲನ್ನು ಹೊರಗಿನವರಿಗೆ ಹೇಳಿ ತಿಳಿಸುವುದು ಕಷ್ಟ. ಬೆಳಿಗ್ಗೆ ಎಂಟಕ್ಕೇ ಬಸ್ಸಿನ ಕಿಟಕಿಯ ಸರಳು ಮುಟ್ಟಲಾಗುವುದಿಲ್ಲ. ಸದಾ ಗಿಜಿಗುಡುವ ಕಲಬುರಗಿಯ ಸೂಪರ್ ಮಾರ್ಕೆಟ್ ಪೇಟೆಯೇ ಮಧ್ಯಾಹ್ನ ಖಾಲಿ ಬಿದ್ದಿರುತ್ತದೆ. ಸೋಡಾ ಹೆಚ್ಚು ಮಾರುವುದೂ ಅದೇ ದಿನಗಳಲ್ಲಿ. ಕಾರ್ಖಾನೆ ಎರಡು ಪಾಳಿಯಲ್ಲಿ ನಡೆಯುತ್ತಿತ್ತು.

ಕಮಲಾಪುರದ ನಿಲ್ದಾಣದ ಎದುರಿಗೆ ಶರಣಮ್ಮನ ತಗಡಿನ ಅಂಗಡಿ ಇತ್ತು. ಮುಂದೆ ಕೆಂಪು ಬಾಳೆಯ ಗೊನೆಗಳು, ಹಿಂದೆ ನಮ್ಮ ಸೋಡಾದ ಟ್ರೇಗಳು. ನಲವತ್ತರ ಹೆಂಗಸು, ಗಟ್ಟಿ ದನಿ. ಬಸ್ಸು ಬಂದು ನಿಲ್ಲುವ ಮೊದಲೇ ಕಿಟಕಿಯೊಳಗೆ ಹಣ್ಣು ತೂರಿಸಿ ವ್ಯಾಪಾರ ಮುಗಿಸುವ ಚುರುಕು. ದಿನಾ ಸಂಜೆ ನಾನು ಅವಳ ಬೆಂಚಿನ ಮೇಲೇ ಕೂತು ಬಸ್ಸಿಗೆ ಕಾಯುತ್ತಿದ್ದೆ. ಎರಡು ಹಣ್ಣು ತಿನ್ನುತ್ತಿದ್ದೆ. ಬಸ್ಸು ತಡವಾದರೆ, "ಹೊಟ್ಟಿಗಿ ಇದಿಷ್ಟು ಹಾಕೊಳ್ರಿ, ಬಾಯಾರ," ಎಂದು ಮೂರನೆಯದನ್ನು ಅವಳೇ ಕೊಡುತ್ತಿದ್ದಳು.

ಒಂದು ಸಂಜೆ ಅವಳು ನಗುತ್ತ ಹೇಳಿದಳು, "ನಿಮ್ಮ ಬಾಟ್ಲಿ ಕುಡುದಾವ ನೋಡ್ರಿ. ಒಂದೂ ನೆಟ್ಟಗ ನಿಂದ್ರವಲ್ಲವು."

ಹಲಗೆಯ ಮೇಲಿನ ಬಾಟಲಿಗಳು ನಿಜವಾಗಿಯೂ ಒಂದರ ಮೇಲೊಂದು ವಾಲಿದ್ದವು. ಒಂದನ್ನು ಎತ್ತಿ ತಳ ನೋಡಿದೆ. ನಡುಭಾಗ ಕಾಲುಗಳಿಗಿಂತ ಕೆಳಗೆ ಇಳಿದು ಹೊಕ್ಕಳಿನ ಹಾಗೆ ಹೊರಬಂದಿತ್ತು. ಅದರ ಸುತ್ತ ಕೂದಲಿನಂಥ ಬಿಳಿ ಗೆರೆಗಳು. ಬಿರುಕು ಶುರುವಾಗುವ ಗುರುತು ಅದು.

"ಆಫೀಸಿನಾಗ ಹೇಳ್ತೇನಿ, ಅಕ್ಕಾ," ಎಂದೆ. ಅಷ್ಟೇ ಎಂದೆ. ಬಸ್ಸು ಬಂತು, ಹತ್ತಿದೆ.

ಮರುದಿನ ಉಷ್ಣಮಾಪಕ ಹಿಡಿದುಕೊಂಡು ತಿರುಗಿದೆ. ಮಧ್ಯಾಹ್ನ ಮೂರಕ್ಕೆ ಶರಣಮ್ಮನ ತಗಡಿನ ಕೆಳಗೆ ಐವತ್ತೊಂದು. ತಾಡಪಾಲು ಹೊದಿಸಿದ ನಮ್ಮ ಲಾರಿಯೊಳಗೆ ಐವತ್ತಾರು. ಹನ್ನೆರಡು ಬಾಟಲಿಗಳನ್ನು ಕಾರ್ಖಾನೆಯ ಕಾವುಪೆಟ್ಟಿಗೆಯಲ್ಲಿ ಐವತ್ತು ಡಿಗ್ರಿಗೆ ಇಟ್ಟೆ. ಏಳು ವಾಲಿ ಬಿದ್ದವು. ಎರಡು ತಳ ಸೀಳಿ ಒಡೆದವು. ಒಡೆದ ಒಂದು ಬಾಟಲಿ ಪೆಟ್ಟಿಗೆಯ ಒಳಬಾಗಿಲಿಗೆ ಬಡಿದು ತಗಡನ್ನು ತಗ್ಗು ಮಾಡಿತ್ತು. ಎಲ್ಲವನ್ನೂ ಬರೆದುಕೊಂಡು ಸಾವ್ಕಾರರ ಮುಂದೆ ಇಟ್ಟೆ.

ಅವರು ಸಮಾಧಾನದ ಮನುಷ್ಯ. ದನಿ ಎತ್ತುತ್ತಿರಲಿಲ್ಲ. ಆ ಸಮಾಧಾನವೇ ಈಗ ನೆನೆದರೆ ನನ್ನ ಹಲ್ಲು ಕಡಿಯುವಂತೆ ಮಾಡುತ್ತದೆ.

"ನೆಳ್ಳಾಗ ಇಡ್ರಿ ಅಂತ ಲೇಬಲ್ ಮ್ಯಾಲೆ ಬರದೀವಿ ಇಲ್ಲೋ?"

"ನೆಳ್ಳಾಗೇ ಐವತ್ತ ಅದರಿ, ಸಾವ್ಕಾರ್ರ."

"ಹಂಗಾದ್ರ ಅದು ದೇವರ ಬಿಸಲ, ನನ್ನ ಬಿಸಲಲ್ಲ. ನೀವ ಸಹಿ ಮಾಡೀರಿ ಪಾಸಂತ."

"ಮೂವತ್ತೆಂಟಕ್ಕ ಪಾಸ್ ಅಂತ ಮಾಡೀನ್ರಿ. ಈ ಮಾಲು ವಾಪಸ್ ತರಸ್ರಿ. ತಳ ಬದಲ್ ಮಾಡೋಣು."

"ಸೀಜನ್ ನಡು ಮಾಲು ವಾಪಸ್ ತರಸ್ತಾರೇನವಾ ಯಾರರ? ತಳ ಒಂದಿಷ್ಟು ಬಾಗಿದ್ರ ಯಾರೂ ಸಾಯಂಗಿಲ್ಲ. ಹೋಗ್ರಿ, ಬದಲ್ ಮಾಡೂದು ಹ್ಯಾಂಗಂತ ಮಾಡಿ ತೋರಸ್ರಿ ನೋಡೂಣು."

ನಾನು ಆ ಮಾತನ್ನು ಹಿಡಿದುಕೊಂಡೆ. ಮಾಡಿ ತೋರಿಸಿದರೆ ಕೇಳುತ್ತಾರೆ ಎಂದು ನಂಬಿದೆ. ರಜೆಯ ದಿನ ಖಾಜಾ ಚಾಚಾ ಮನೆಯಿಂದ ತಮ್ಮ ಸ್ವಂತ ಅರಗಳನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಬಂದರು. ಒಂದು ಹೆಚ್ಚುವರಿ ತಳದ ಅಚ್ಚು ಇತ್ತು. ಕಾಲುಗಳ ಗುಂಡಿಯನ್ನು ಒಂದೂವರೆ ಮಿಲಿಮೀಟರ್ ಆಳ ಮಾಡಿದರೆ ಬಾಟಲಿಯ ಕಾಲು ಅಷ್ಟು ಉದ್ದ ಆಗುತ್ತದೆ, ನಡುಭಾಗ ಇಳಿದರೂ ನೆಲ ಮುಟ್ಟುವುದಿಲ್ಲ. ಪಟ್ಟಿಗಳನ್ನು ಅಗಲ ಮಾಡಬೇಕು, ಅಂಚುಗಳ ಚೂಪು ಹೋಗಬೇಕು. ನಾನು ಲೆಕ್ಕ ಹಾಕಿ ಗೆರೆ ಎಳೆದು ಕೊಟ್ಟೆ. ಚಾಚಾ ಗೆರೆ ನೋಡಿದರು, ನನ್ನನ್ನು ನೋಡಿದರು, "ಇಲ್ಲಿ ಇನ್ನಷ್ಟು ದುಂಡಗ ಬೇಕು," ಎಂದು ನನ್ನ ಗೆರೆಯನ್ನೇ ತಿದ್ದಿದರು. ದಿನವಿಡೀ ತೀಡಿದರು. ನಡುನಡುವೆ ಕಣ್ಣು ಮುಚ್ಚಿ ಹೆಬ್ಬೆರಳಿನಿಂದ ಸವರಿ ನೋಡುತ್ತಿದ್ದರು. ಬೆವರು ಅಚ್ಚಿನ ಮೇಲೆ ಬಿದ್ದರೆ ತುಕ್ಕು ಹಿಡಿಯುತ್ತದೆಂದು ಹಣೆಗೆ ಟವೆಲ್ಲು ಕಟ್ಟಿಕೊಂಡಿದ್ದರು.

ಆ ಅಚ್ಚಿನ ಬಾಟಲಿಗಳು ಅದೇ ಇಪ್ಪತ್ನಾಲ್ಕು ಗ್ರಾಮಿನಲ್ಲಿ, ಐವತ್ತೈದು ಡಿಗ್ರಿಯಲ್ಲಿ, ಎರಡು ದಿನ ನಿಂತವು. ಹನ್ನೆರಡಕ್ಕೆ ಹನ್ನೆರಡು. ಒಂದು ಗ್ರಾಂ ಪ್ಲಾಸ್ಟಿಕ್ಕೂ ಹೆಚ್ಚು ಬೇಕಾಗಿರಲಿಲ್ಲ. ಯಾರಾದರೂ ಒಂದು ದಿನ ನಮ್ಮ ಬಿಸಿಲಿನಲ್ಲಿ ನಿಂತು ಯೋಚಿಸಿದ್ದರೆ ಸಾಕಿತ್ತು.

ಸಾವ್ಕಾರರು ಬಾಟಲಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. "ಶಾಬಾಸ್," ಎಂದರು. "ಮುಂದಿನ ವರ್ಷಕ್ಕ ಇದನ್ನ ಹಾಕೂಣು. ಈಗ ಇದ್ದ ಮಾಲು ಹೋಗಲಿ."

ನಾನು ಮರೆಮಾಚುವುದಿಲ್ಲ. ಆ ಶಾಬಾಸಿಗೆ ಹಿಗ್ಗಿದೆ. 'ಮುಂದಿನ ವರ್ಷ' ಎಂಬ ಮಾತು ಕಿವಿಯ ಮೇಲೆ ಹಾದುಹೋಯಿತು, ಶಾಬಾಸ್ ಒಳಗೆ ಇಳಿಯಿತು. ನನ್ನ ನಕ್ಷೆ ಬಾಟಲಿ ಆಗುತ್ತದೆ ಎಂದು ಆ ಸಂಜೆ ಅವ್ವನಿಗೆ ಹೇಳಿದೆ. ಶರಣಮ್ಮನ ಬೆಂಚಿನ ಮೇಲೆ ಮತ್ತೆ ಹದಿನೈದು ಸಂಜೆ ಕೂತೆ, ಹಣ್ಣು ತಿಂದೆ. ಅವಳ ಬೆನ್ನ ಹಿಂದೆ ಬಾಟಲಿಗಳು ವಾಲಿಕೊಂಡೇ ಇದ್ದವು.

ಮೇ ತಿಂಗಳ ನಡುವೆ ಒಂದು ಬೆಳಿಗ್ಗೆ ಬಸ್ಸಿಳಿದಾಗ ಅವಳ ಅಂಗಡಿ ಮುಚ್ಚಿತ್ತು. ಬೆಂಚಿನ ಕೆಳಗೆ ಬಾಳೆಹಣ್ಣುಗಳು ತುಳಿತಕ್ಕೆ ಸಿಕ್ಕಿ ಕೆಸರಾಗಿದ್ದವು. ಪಕ್ಕದ ಚಹಾದ ಅಂಗಡಿಯವನು ಹೊರಗೆ ಬಂದು ಹೇಳಿದ, "ನಿನ್ನಿ ಮಧ್ಯಾಹ್ನ ಟ್ರೇ ಎತ್ತಲಾಕ ಬಗ್ಗ್ಯಾಳ್ರಿ. ಬಾಟ್ಲಿ ಢಂ ಅಂತ ಹಾರಿ ಕಣ್ಣಿಗಿ ಬಡದದ. ಕಲಬುರಗಿ ದವಾಖಾನಿಗಿ ಒಯ್ದಾರ."

ಕಾರ್ಖಾನೆಗೆ ಹೇಗೆ ನಡೆದು ಮುಟ್ಟಿದೆನೋ ತಿಳಿಯದು. ಸುದ್ದಿ ನನಗಿಂತ ಮೊದಲು ಬಂದಿತ್ತು. ಸಾವ್ಕಾರರ ಮೇಜಿನ ಮೇಲೆ ಒಂದು ಹಾಳೆ ತಯಾರಿತ್ತು. ಬಾಟಲಿಗಳನ್ನು ಉರಿಯುವ ಒಲೆಯ ಪಕ್ಕದಲ್ಲಿ ಇಟ್ಟದ್ದರಿಂದ ಅಪಘಾತ, ಬಾಟಲಿಯಲ್ಲಿ ದೋಷವಿಲ್ಲ. ಕೆಳಗೆ ನನ್ನ ಹೆಸರು, ಸಹಿಗೆ ಜಾಗ.

"ಅಕಿ ಅಂಗಡ್ಯಾಗ ಒಲಿ ಇಲ್ರಿ," ಎಂದೆ.

"ಬಾಜೂಕ ಚಹಾದ ಅಂಗಡಿ ಅದ ಅಲ್ಲ?"

"ನಡುವ ಗ್ವಾಡಿ ಅದರಿ."

"ಗ್ವಾಡಿ ಬಿಸಿ ಆಗಂಗಿಲ್ಲೇನು? ವಂದನಾ, ನೀವು ಛಲೋ ಮನಿತನದವ್ರು. ದವಾಖಾನಿ ಖರ್ಚು ನಾ ನೋಡ್ಕೋತೀನಿ. ಕಾಗದ ಬ್ಯಾರೆ, ಮನಷ್ಯಾತನ ಬ್ಯಾರೆ."

"ಐವತ್ತಕ್ಕ ಒಡಿತಾವ ಅಂತ ನಾ ಬರಕೊಟ್ಟ ಕಾಗದ ಎಲ್ಲಿ ಅದರಿ?"

"ಯಾವ ಕಾಗದ?" ಎಂದರು ಅವರು, ಅದೇ ಸಮಾಧಾನದಲ್ಲಿ.

ಆ ಹಾಳೆಯನ್ನು ಎರಡು ತುಂಡು ಮಾಡಿ ಅವರ ಮೇಜಿನ ಮೇಲೇ ಇಟ್ಟೆ. ಹೊರಗೆ ಬಂದಾಗ ಖಾಜಾ ಚಾಚಾ ಬಾಗಿಲಲ್ಲೇ ನಿಂತಿದ್ದರು. ಎಲ್ಲ ಕೇಳಿಸಿಕೊಂಡಿದ್ದರು. "ನಿನ್ನ ಕಾಗದದ ನಕಲು ನನ್ನ ಮನ್ಯಾಗ ಅದ, ಬೇಟಿ," ಎಂದರು ಮೆಲ್ಲಗೆ. "ಅಚ್ಚು ತೀಡಲಾಕ ಅಳತಿ ಬೇಕಂತ ತಗೊಂಡಿದ್ದೆ."

ಅಂದೇ ಮಧ್ಯಾಹ್ನ ಇಬ್ಬರೂ ಕಲಬುರಗಿಯ ಆಸ್ಪತ್ರೆಗೆ ಹೋದೆವು. ಶರಣಮ್ಮ ಗೋಡೆಯ ಕಡೆ ಮುಖ ಮಾಡಿ ಕೂತಿದ್ದಳು. ಬಲಗಣ್ಣಿಗೆ ಪಟ್ಟಿ. ಆ ಕಣ್ಣು ಬರುವುದಿಲ್ಲ ಎಂದು ಡಾಕ್ಟರು ಹೇಳಿಯಾಗಿತ್ತು. ನಾನು ಅವಳ ಮುಂದೆ ನಿಂತು ಬಡಬಡ ಎಲ್ಲ ಹೇಳಿಬಿಟ್ಟೆ. ಪರೀಕ್ಷೆ ಮಾಡಿದ್ದು, ಬರೆದುಕೊಟ್ಟಿದ್ದು, ಮಾಲಕರು ಕೇಳದೇ ಹೋದದ್ದು, ಈಗಿನ ಸುಳ್ಳು ಕಾಗದ. ಸಿಟ್ಟಿನಿಂದ ನನ್ನ ದನಿ ಏರಿತ್ತು. ಅವಳೂ ನನ್ನ ಜೊತೆಗೆ ಬೈಯುತ್ತಾಳೆ ಎಂದುಕೊಂಡಿದ್ದೆ.

ಅವಳು ಗೋಡೆಯ ಕಡೆಯಿಂದ ನನ್ನತ್ತ ತಿರುಗಿದಳು. ಆಮೇಲೆ, "ಬಾಟ್ಲಿ ಒಡೀತದ ಅಂತ ನಿನಗ ಯಾವಾಗಿಂದ ಗೊತ್ತಿತ್ತು?" ಎಂದಳು. 'ಬಾಯಾರ' ಎಂಬ ಗೌರವ ಹೋಗಿತ್ತು, 'ನೀವು' ಹೋಗಿತ್ತು.

"ಏಪ್ರಿಲ್‌ದಿಂದ, ಅಕ್ಕಾ."

"ಸಾವ್ಕಾರಗ ಹೇಳ್ದಿ. ಕಾಗದದಾಗ ಬರದಿ. ಈ ಚಾಚಾಗ ಹೇಳ್ದಿ. ದಿನಾ ಸಂಜೀಕ ನನ್ನ ಬೆಂಚಿನ ಮ್ಯಾಲೆ ಕುಂತು ಬಾಳಿಹಣ್ಣ ತಿಂತಿದ್ದಿ. ನನಗ ಯಾಕ ಹೇಳಲಿಲ್ಲ?"

ಕೆಲಸ ಹೋಗುತ್ತದೆಂಬ ಹೆದರಿಕೆಯಾಗಿದ್ದರೆ ಅದಕ್ಕೊಂದು ಹೆಸರಾದರೂ ಇರುತ್ತಿತ್ತು. ಅದೂ ಅಲ್ಲ. ಅವಳಿಗೆ ಹೇಳಬೇಕು ಎಂಬುದೇ ನನಗೆ ಹೊಳೆದಿರಲಿಲ್ಲ. ನಕ್ಷೆ, ಕಾವು, ಒತ್ತಡ, ಗ್ರಾಂ ಎಲ್ಲ ಹೊಳೆದಿತ್ತು. ಆ ಬಾಟಲಿಗಳಿಗೆ ಬೆನ್ನು ಕೊಟ್ಟು ದಿನಾ ಹತ್ತು ತಾಸು ಕೂರುವ ಹೆಂಗಸು ಹೊಳೆದಿರಲಿಲ್ಲ.

"ಹೋಗು," ಎಂದಳು ಅವಳು. "ಇನ್ನ ಅಂಗಡ್ಯಾಗ ಭಾಳ ಮಂದಿ ಹಂಗೇ ಕುಂತಾರ. ನನ್ನ ಮುಂದ ಅಳಬ್ಯಾಡ."

ಮರುದಿನ ಬೆಳಿಗ್ಗೆ ಬಿಸಿಲೇರುವ ಮೊದಲೇ ನಾನೂ ಚಾಚಾನೂ ಕಮಲಾಪುರದ ನಿಲ್ದಾಣದಲ್ಲಿ ಇಳಿದೆವು. ರಸ್ತೆಯ ಒಂದು ಬದಿ ಅವರು, ಒಂದು ಬದಿ ನಾನು. ಒಂದೊಂದು ಅಂಗಡಿಗೂ ಹೋಗಿ ವಾಲಿದ ಬಾಟಲಿಗಳನ್ನು ತೋರಿಸಿದೆವು. ತಳದ ಬಿಳಿ ಗೆರೆ ತೋರಿಸಿದೆವು. ಮುಖಕ್ಕೆ ಟವೆಲ್ಲು ಸುತ್ತಿಕೊಂಡು, ಬಾಟಲಿಯ ಮೇಲೆ ಒದ್ದೆ ಗೋಣಿ ಹಾಕಿ, ಮುಚ್ಚಳಗಳನ್ನು ಮೆಲ್ಲಗೆ ಸಡಿಲಿಸಿ ಅನಿಲ ಬಿಡಿಸಿದೆವು. ಕೆಲವರು ನಂಬಿದರು. ಒಬ್ಬ, "ನೀವ ಮಾಡ್ತೀರಿ, ನೀವ ಕೆಡಸ್ತೀರಿ, ನಮ್ಮ ಧಂದೆ ಹಾಳ್ ಮಾಡ್ಲಾಕ ಬಂದೀರೇನು?" ಎಂದು ನನ್ನ ತೋಳು ಹಿಡಿದು ಹೊರಗೆ ದಬ್ಬಿದ. ಅವನ ಸಿಟ್ಟೂ ಸುಳ್ಳಲ್ಲ. ಸಂಜೆಯ ಹೊತ್ತಿಗೆ ಕಾರ್ಖಾನೆಯಿಂದ ಫೋನು ಬಂತು, ನಾಳೆಯಿಂದ ಇಬ್ಬರೂ ಬರುವುದು ಬೇಡ ಎಂದು. ಮೂವತ್ತು ವರ್ಷ ಅಚ್ಚು ತೀಡಿದ ಮನುಷ್ಯನ ಕೆಲಸವನ್ನು ಒಂದು ಫೋನಿನಲ್ಲಿ ಮುಗಿಸಿದರು. ಅವರ ಅರಗಳು ಒಳಗೇ ಉಳಿದಿದ್ದವು. ಅವನ್ನು ತರಲು ಹೋದಾಗ ಗೇಟಿನವನು ಒಳಗೆ ಬಿಡಲಿಲ್ಲ.

ಜೂನ್ ಮೊದಲ ವಾರ ಮಳೆ ಬಂತು. ಕಾವು ಇಳಿಯಿತು, ಹೊಸದಾಗಿ ಬಂದ ಬಾಟಲಿಗಳು ನೆಟ್ಟಗೆ ನಿಂತವು, ಯಾರೂ ದೂರು ಹೇಳಲಿಲ್ಲ. ಮುಂದಿನ ಬೇಸಿಗೆಗೆ ಹೊಸ ತಳದ ಬಾಟಲಿ ಪೇಟೆಗೆ ಬಂತು. ಚಾಚಾ ತೀಡಿದ್ದೇ ತಳ, ನಾನು ಎಳೆದದ್ದೇ ಗೆರೆ. ಅದನ್ನು ಹೊರಗಿನ ಸಲಹೆಗಾರರು ಮಾಡಿಕೊಟ್ಟರೆಂದು ಸಾವ್ಕಾರರು ಎಲ್ಲರಿಗೂ ಹೇಳಿದರು. ಅಂದರೆ ಬಾಟಲಿ ಕೆಟ್ಟದ್ದೆಂದು ಅವರಿಗೆ ಗೊತ್ತಿತ್ತು. ಗೊತ್ತಿದ್ದೇ ಒಲೆಯ ಕಥೆ ಕಟ್ಟಿದರು.

ಶರಣಮ್ಮ ಕಲಬುರಗಿಯ ಗ್ರಾಹಕರ ನ್ಯಾಯಾಲಯದಲ್ಲಿ ದೂರು ಕೊಟ್ಟಳು. ನಾನು ಸಾಕ್ಷಿ ಹೇಳಿದೆ. ಕಂಪನಿಯ ವಕೀಲರು ನನ್ನ ಫೆಬ್ರುವರಿಯ ವರದಿಯನ್ನು ಎತ್ತಿ ಹಿಡಿದರು.

"ಈ ಸಹಿ ನಿಮ್ಮದೇ?"

"ನಂದೇ ರೀ."

"ಇದರಲ್ಲಿ ಬರೆದದ್ದು ಸುಳ್ಳೇ?"

"ಸುಳ್ಳಲ್ರಿ. ಖರೇ ಅದ. ಆದ್ರ ಮೂವತ್ತೆಂಟು ಡಿಗ್ರಿ ಅಂದ್ರ ನಮ್ಮ ಕಡಿ ಮೇ ತಿಂಗಳದಾಗ ಊಟದ ಹೊತ್ತಿಗಿ ಮೊದಲೇ ಆಗಿಹೋಗಿರ್ತದ. ಆಮ್ಯಾಲಿನ ಬಿಸಲಿಗಿ ನಾ ಪರೀಕ್ಷಾ ಮಾಡಲಿಲ್ರಿ. ಏಪ್ರಿಲ್‌ದಾಗ ಮಾಡಿದ ಮ್ಯಾಲೂ ಅಕಿಗಿ ಹೇಳಲಿಲ್ರಿ. ಅದನ್ನೂ ಬರಕೊಳ್ರಿ."

ಚಾಚಾ ಇಟ್ಟುಕೊಂಡಿದ್ದ ನಕಲು ಒಲೆಯ ಕಥೆಯನ್ನು ಮುರಿಯಿತು. ತೀರ್ಪು ಶರಣಮ್ಮನ ಕಡೆಗೆ ಆಯಿತು. ಕಂಪನಿ ಮೇಲಿನ ನ್ಯಾಯಾಲಯಕ್ಕೆ ಹೋಯಿತು, ಇನ್ನೂ ಅಲ್ಲೇ ನಡೆಯುತ್ತಿದೆ. ಕಣ್ಣು ಎಂದೋ ಹೋಗಿದೆ, ಕಾಗದಗಳು ಇನ್ನೂ ಓಡಾಡುತ್ತಿವೆ.

ತೀರ್ಪಿನ ದಿನ ಹೊರಗೆ ಬಂದಾಗ ಮಧ್ಯಾಹ್ನ. ರಸ್ತೆಯಲ್ಲಿ ಆಟೋಗಳು ಒಂದರ ಮೈಮೇಲೊಂದು ನುಗ್ಗುತ್ತಿದ್ದವು. ಖಾಜಾ ಚಾಚಾ ನಮಾಜಿಗೆ ಹೋಗಿದ್ದರು. ಶರಣಮ್ಮನೂ ನಾನೂ ಮೆಟ್ಟಿಲ ಬಳಿ ನಿಂತೆವು.

"ಸಾವ್ಕಾರನ ಮ್ಯಾಲಿನ ಸಿಟ್ಟು ಹೋಗಿಲ್ಲ ನಂದು," ಎಂದಳು ಅವಳು, ಎದುರಿನ ರಸ್ತೆ ನೋಡುತ್ತ. "ನಿನ್ನ ಮ್ಯಾಲಿಂದೂ ಹೋಗಿಲ್ಲ."

"ಹೋಗೂದು ಬ್ಯಾಡ, ಅಕ್ಕಾ," ಎಂದೆ.

ಅವಳು ಸೆರಗು ಬಿಗಿ ಮಾಡಿಕೊಂಡು ಒಂದು ಮೆಟ್ಟಿಲು ಇಳಿದಳು. ತಡೆದು ನಿಂತಳು.

"ಬಲಕ್ಕ ಬಾ," ಎಂದಳು. "ಆ ಕಡಿ ಗಾಡಿ ಬರೂದು ನನಗ ಕಾಣಂಗಿಲ್ಲ."

ನಾನು ಅವಳ ಬಲಗಡೆಗೆ ಹೋಗಿ ನಿಂತೆ. ಅವಳು ನನ್ನ ಮುಂಗೈ ಹಿಡಿದಳು, ಗಟ್ಟಿಯಾಗಿ, ನೋವಾಗುವ ಹಾಗೆ. ಇಬ್ಬರೂ ರಸ್ತೆಗೆ ಇಳಿದೆವು.